ಚುಕ್ಕಿ ಲೆಕ್ಕ

(ಆಲ್ಬರ್ಟಾದ ಕಲ್ಲಿದ್ದಲ ಕಣಿವೆ; ಸೇತುವೆಯ ಕೆಳಗೆ ಒರಿಸ್ಯಾ, ಗಾಳ ಹಿಡಿದ ಹುಡುಗನಿಗೆ)

ಕೈ ಒದ್ದೆ ಮಾಡಿಕೊ ಮೊದಲು.
ಒಣಗೈ ಅದಕ್ಕೆ ಕಾದ ಹಂಚು.
ಮೊಣಕಾಲೂರು, ಬಲೆ ನೀರಲ್ಲೇ ಇರಲಿ.
ಫೋಟೊ ಆಮೇಲೆ. ಕಟ್ಟಿರುವುದು ಅದರ ಉಸಿರು.

ಈಗ ನೋಡು.
ಬಣ್ಣವನ್ನು ನಂಬಬೇಡ,
ಸೆಪ್ಟೆಂಬರಿನಲ್ಲಿ ಗಂಡುಗಳೆಲ್ಲ ಮದುವಣಿಗರೇ,
ಹೊಟ್ಟೆ ಕೆಂಪಗೆ ಕಾಯಿಸಿಕೊಂಡು ಬರುತ್ತವೆ.
ಗಾತ್ರವಂತೂ ಬಿಡು,
ಅದು ಹಿಡಿದವನ ಬಾಯಲ್ಲಿ ಬೆಳೆಯುವಂಥದು.

ಚುಕ್ಕಿ ನೋಡು.
ತಿಳಿ ಮೈಗೆ ಕರಿ ಚುಕ್ಕಿ: ಅದೊಂದು ಮನೆತನ.
ಗದ್ದದಡಿ ಕೆಂಪು ಗೀರಿನ ಕಟ್‌ಥ್ರೋಟು,
ಪಕ್ಕೆಗೆ ಗುಲಾಬಿ ಪಟ್ಟಿಯ ರೇನ್‌ಬೋ,
ಎಲ್ಲ ಎಳ್ಳು ಚೆಲ್ಲಿದ ರೊಟ್ಟಿಗಳು.
ಕಪ್ಪು ಮೈಗೆ ತಿಳಿ ಚುಕ್ಕಿ: ಅದಿನ್ನೊಂದು.
ಅಲ್ಲಿ ಚುಕ್ಕಿಯೆಂದರೆ ಆಕಾಶದ ಚುಕ್ಕಿಯೇ,
ಅಮಾವಾಸ್ಯೆ ಮೈಗಂಟಿಸಿಕೊಂಡು ಈಜುತ್ತದೆ.
ನಿನ್ನ ಬಲೆಯದು ಎರಡನೆಯ ಮನೆಯದು. ಅಷ್ಟು ಖಚಿತ.

ಆದರೆ ಆ ಮನೆಯಲ್ಲೇ ಇಬ್ಬರು.
ಬ್ರುಕ್ ಟ್ರೌಟು ರೈಲಿನಲ್ಲಿ ಬಂದವನು,
ಪೂರ್ವದಿಂದ, ಹಾಲಿನ ಕ್ಯಾನಿನಲ್ಲಿ, ಐಸಿನ ಜೊತೆ.
(ನಮ್ಮಪ್ಪನೂ ಹಾಗೇ ಬಂದ, ಐಸು ಯಾರೂ ಕೊಡಲಿಲ್ಲ.)
ಬುಲ್ ಟ್ರೌಟು ಇಲ್ಲಿಯದೇ,
ಹಿಮದ ಹೊಳೆಯ ಹಳೇ ಒಕ್ಕಲು.

ಬೆನ್ನ ರೆಕ್ಕೆ ನೋಡು. ಬೆರಳು ಹಾಕಬೇಡ,
ನೀರೇ ಬೀಸಣಿಗೆ ಹಾಗೆ ಬಿಚ್ಚುತ್ತದೆ.
ಹುಳು ಹರಿದಂತೆ ಕರಿ ಗೆರೆಯಿದ್ದರೆ ಬ್ರುಕ್,
ಏನೂ ಇಲ್ಲದೆ ಬೋಳಾಗಿದ್ದರೆ ಬುಲ್.
ಕಪ್ಪಿಲ್ಲವೇ, ನಿನ್ನದಲ್ಲ.
ಕಾನೂನು ಅಷ್ಟೇ.

ಇದನ್ನೆಲ್ಲ ಕಲಿಸಿದ್ದು ಅಪ್ಪ.
ಹ್ರಿತ್ಸ್ಕೊ, ಗಣಿಯ ರಾತ್ರಿಪಾಳಿ,
ರೆಪ್ಪೆಯ ಬುಡದಲ್ಲಿ ಭಾನುವಾರವೂ ಹೋಗದ ಮಸಿ.
ಇದೇ ಕಲ್ಲಿನ ಮೇಲೆ, ಹೀಗೇ ರೆಕ್ಕೆ ತೋರಿಸಿ,
“ಬೋಳುಬೆನ್ನಿನದು ಕಳ್ಳ,” ಅನ್ನುತ್ತಿದ್ದ,
“ಮಿಕ್ಕ ಮೀನಿನ ಮರಿ ನುಂಗುತ್ತದೆ.”
ಆಗ ಎಲ್ಲರೂ ಅನ್ನುತ್ತಿದ್ದದ್ದು ಅದನ್ನೇ,
ಚರ್ಚಿನ ಮೆಟ್ಟಿಲ ಮೇಲೂ.
ತಲೆ ಜಜ್ಜುವ ಕರುಣೆಯೂ ಇರಲಿಲ್ಲ,
ವಿಲ್ಲೋ ಪೊದೆಗೆ ಎಸೆದುಬಿಡುವುದು.
ಎಸೆದದ್ದು ಒಣ ಎಲೆಗಳಲ್ಲಿ
ಎಷ್ಟು ಹೊತ್ತು ಸದ್ದು ಮಾಡುತ್ತದೆ, ಗೊತ್ತೇ?
ಏಳು ವರ್ಷದವಳು, ಕೂತು ಎಣಿಸುತ್ತಿದ್ದೆ.
ನೂರರವರೆಗೆ ನನಗೆ ಎಣಿಕೆ ಬಂದದ್ದೇ ಹಾಗೆ.

ಅಪ್ಪನ ಕಣ್ಣು ಒಂದು ಸಲವೂ ತಪ್ಪಲಿಲ್ಲ.
ಬ್ರುಕ್ ಬುಟ್ಟಿಗೆ, ಬುಲ್ ಪೊದೆಗೆ.
ಎಪ್ಪತ್ತು ವರ್ಷವಾಯಿತು, ಆ ಮುಳ್ಳು
ಇನ್ನೂ ಗಂಟಲಲ್ಲೇ ಇದೆ.

ಈಗ ನನಗೊಂದು ನೀಲಿ ಕೋಟು, ಅಳತೆಪಟ್ಟಿ, ರಿಜಿಸ್ಟರು.
ಹದಿನಾಲ್ಕು ಬೇಸಿಗೆಯಿಂದ ಈ ಸೇತುವೆಯಡಿ
ಅವನ ಪಾಠವನ್ನೇ ಒಪ್ಪಿಸುತ್ತೇನೆ,
ಕೊನೆಯ ಸಾಲೊಂದು ಬಿಟ್ಟು.

ಏನು ಕಂಡಿತು? ಬೋಳೇ?
ತಡಿ. ಬಿಸಿಲಿಗೆ ಸ್ವಲ್ಪ ವಾಲಿಸು.
ಕನ್ನಡಕ ಕೊಡಿಲ್ಲಿ.
ರೆಕ್ಕೆಯ ಬುಡದಲ್ಲಿ ಏನೋ ಇದೆ,
ಗೆರೆಯೆನ್ನುವಷ್ಟಿಲ್ಲ, ಇಲ್ಲವೆನ್ನುವಂತೆಯೂ ಇಲ್ಲ,
ತೊಳೆದರೂ ಹೋಗದ ಮಸಿ.

ಓ.
ರೈಲಿನವನಿಗೂ ಹಿಮದವಳಿಗೂ ಹುಟ್ಟಿದ್ದು ಇದು.
ಗೋಡೆಯ ಪಟದಲ್ಲಿ ಇದರ ಚಿತ್ರವಿಲ್ಲ.
ನನ್ನ ಮುಖ ಯಾಕೆ ನೋಡುತ್ತೀ? ನನಗೂ ಗೊತ್ತಿಲ್ಲ.
ಬಾಗು. ಮೂತಿ ಹರಿವಿಗೆ ಎದುರಾಗಲಿ.
ಹಿಡಿದುಕೊಂಡಿರು, ಆದರೆ ಹಿಡಿಯಬೇಡ.
ಕಿವಿರು ಎರಡು ಸಲ, ಮೂರು ಸಲ...
ಹೋಯಿತು.

ರಿಜಿಸ್ಟರು ತೆಗೆ, ನನ್ನ ಕೈ ನಡುಗುತ್ತದೆ, ನೀನೇ ಬರೆ.
ಹೊತ್ತು: ನಾಲ್ಕೂಕಾಲು.
ಉದ್ದ: ಒಂದು ಗೇಣು, ಮೇಲೆ ನಾಲ್ಕು ಬೆರಳು.
ಅಳೆಯುವುದನ್ನು ಮರೆತೆವು, ಅಂದಾಜು ಅಂತ ಹಾಕು.
ಜಾತಿ...
ಅಲ್ಲೊಂದು ಚುಕ್ಕಿಯಿಡು.
ಪೆನ್ನು ಬೇಡ, ಪೆನ್ಸಿಲ್ಲು.